ಮಗುವಿನ ಕೈಯ ಫೋನು, ಊರಿನ ಹೊಣೆ

(ತಾಲ್ಲೂಕು ಕೇಂದ್ರದಲ್ಲಿ ಸೇರಿದ್ದ ತಂದೆತಾಯಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮೊಬೈಲಿನಿಂದ ಮಕ್ಕಳು ಕೆಟ್ಟರು ಎನ್ನುವವರು ಒಂದು ಕಡೆ. ಮೊಬೈಲಿಲ್ಲದೆ ಮಕ್ಕಳಿಗೆ ಗತಿಯಿಲ್ಲ ಎನ್ನುವವರು ಇನ್ನೊಂದು ಕಡೆ. ಎರಡು ಮಾತೂ ಪೂರ್ತಿ ನಿಜವಲ್ಲ. ಸ್ಲೇಟು ಬಳಪದಂತೆ ಫೋನೂ ಒಂದು ಸಲಕರಣೆ. ಅದು ಯಾರ ಕೈಯಲ್ಲಿದೆ, ಯಾರ ಕೈಯಲ್ಲಿಲ್ಲ, ಯಾರ ಲಾಭಕ್ಕಾಗಿ ದುಡಿಯುತ್ತಿದೆ? ನಾವು ಕೇಳಬೇಕಾದ ಪ್ರಶ್ನೆ ಇದು.

2020ರ ಮಾರ್ಚಿಯಲ್ಲಿ ಕೋವಿಡ್ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದವು. ಆಗಸ್ಟಿನಲ್ಲಿ ನಮ್ಮ ರಾಜ್ಯ ಸರ್ಕಾರ ವಿದ್ಯಾಗಮ ಎಂಬ ಯೋಜನೆ ತಂದಿತು. ಉಪಾಧ್ಯಾಯರು ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಅದು ಮೆಚ್ಚತಕ್ಕ ಕೆಲಸ. ಆದರೆ ಆ ಯೋಜನೆಯಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು: ಇಂಟರ್‌ನೆಟ್ಟಿರುವ ಫೋನಿನ ಮನೆಯವರು, ಬರಿಯ ಮಾತಾಡುವ ಫೋನಿನವರು, ಯಾವ ಫೋನೂ ಇಲ್ಲದವರು. ಒಂದೇ ಬೆಂಚಿನ ಮೇಲೆ ಕೂರುತ್ತಿದ್ದ ಮಕ್ಕಳನ್ನು ಅಪ್ಪನ ಜೇಬು ನೋಡಿ ವಿಂಗಡಿಸುವ ದಿನ ಬಂತು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಹಕ್ಕು ಎಂದು ಸಂವಿಧಾನದ 21ಎ ವಿಧಿ ಹೇಳುತ್ತದೆ. ಆ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಫೋನುಳ್ಳವರಿಗೆ ಮಾತ್ರ ಎಂದು ಅದರಲ್ಲೆಲ್ಲೂ ಬರೆದಿಲ್ಲ.

ಈಗ ಫೋನು ಹಳ್ಳಿಹಳ್ಳಿಗೂ ಬಂದಿದೆಯಲ್ಲ ಎನ್ನಬಹುದು. ನಿಜ. 2024ರ ಅಸರ್ ಸಮೀಕ್ಷೆ ನೋಡಿ. ದೇಶದ ಗ್ರಾಮಾಂತರದಲ್ಲಿ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇಕಡಾ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬಲ್ಲವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇಕಡಾ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇಕಡಾ 76. ಸ್ವಂತ ಫೋನು ಉಳ್ಳವರು ಹುಡುಗರಲ್ಲಿ ಶೇಕಡಾ 36, ಹುಡುಗಿಯರಲ್ಲಿ ಶೇಕಡಾ 27. ಮನೆಗೆ ಫೋನು ಬಂದ ಮಾತ್ರಕ್ಕೆ ಮಗಳ ಕೈಗೆ ಬಂತೆಂದಲ್ಲ. ಕೈಗೆ ಬಂದ ಮಾತ್ರಕ್ಕೆ ವಿದ್ಯೆ ಬಂತೆಂದೂ ಅಲ್ಲ.

ಹಾಗಾದರೆ ಇದರಲ್ಲಿ ಒಳ್ಳೆಯದೇನೂ ಇಲ್ಲವೆ? ಇದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ದೀಕ್ಷಾ ಆ್ಯಪಿಗೆ ಕಾಸು ಕೊಡಬೇಕಿಲ್ಲ. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಚೌಕದ ಕ್ಯೂಆರ್ ಗುರುತಿಗೆ ಫೋನು ಹಿಡಿದರೆ ಆ ಪಾಠಕ್ಕೆ ಸೇರಿದ ಸಾಮಗ್ರಿ ತೆರೆಯುತ್ತದೆ. ನೆಟ್‌ವರ್ಕ್ ಸಿಗುವ ಕಡೆ ಇಳಿಸಿಕೊಂಡು, ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆಯೂ ನೋಡಬಹುದು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಬಿಟ್ಟಿಯಾಗಿ ಸಿಗುತ್ತವೆ. ಇಳಿಸಿಕೊಂಡು ಅಚ್ಚು ಹಾಕಿಸಿ ಹಂಚಲೂ ಅಡ್ಡಿಯಿಲ್ಲ.

ಬಳಸುವ ಬಗೆಯನ್ನು ಮಾತ್ರ ತಿಳಿದಿರಬೇಕು. ಫೋನಿನ ಪಕ್ಕದಲ್ಲಿ ನೋಟುಬುಕ್ಕು ಇರಲಿ. ಒಂದು ಪಾಠ ಮುಗಿದೊಡನೆ ಫೋನು ಮುಚ್ಚಿಡಿಸಿ, “ಏನು ಕಲಿತೆ, ಹೇಳು ಮಗ” ಎಂದು ಕೇಳಿ. ಕೇಳುವ ತಾಯಿಗೆ ಓದು ಬರಬೇಕಾದ್ದಿಲ್ಲ. ತನ್ನ ಮಾತಿನಲ್ಲಿ ಹೇಳಬಲ್ಲ ಮಗು ಕಲಿತಿದೆ. ತೊದಲಿದರೆ ಬರಿಯ ಚಿತ್ರ ನೋಡಿದೆ ಎಂದರ್ಥ. ಲೆಕ್ಕದ ಉತ್ತರವನ್ನು ಫೋನು ಕ್ಷಣದಲ್ಲಿ ಕೊಡುತ್ತದೆ. ಉತ್ತರ ಸಿಕ್ಕಿತು, ಲೆಕ್ಕ ಬರಲಿಲ್ಲ! ಮೊದಲು ಮಗು ತಾನೇ ಮಾಡಲಿ, ಆಮೇಲೆ ತಾಳೆ ನೋಡಲಿ.

ಇನ್ನು ವಿದ್ಯೆಯನ್ನು ಸರಕು ಮಾಡಿದವರ ಮಾತು. ಬೆಂಗಳೂರಿನ ಬೈಜೂಸ್ ಕಂಪನಿಗೆ 2022ರಲ್ಲಿ ಹೂಡಿಕೆದಾರರು ಕಟ್ಟಿದ ಬೆಲೆ 2,200 ಕೋಟಿ ಡಾಲರ್. 2024ರ ಜುಲೈಯಲ್ಲಿ ಅದೇ ಕಂಪನಿಯ ಮೇಲೆ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಕಂಪನಿಗಳ ಏರಿಳಿತಕ್ಕೆ ಮಕ್ಕಳ ಓದನ್ನು ಕಟ್ಟಿಹಾಕಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಕಂತಿನ ಸಾಲ ಮಾಡಿ ಆ್ಯಪ್ ಕೊಳ್ಳಬೇಡಿ. ಕೊಳ್ಳದ ತಂದೆ ಮಗುವಿಗೆ ದ್ರೋಹ ಮಾಡಿದಂತೆ ಯಾರಾದರೂ ಮಾತಾಡಿದರೆ ನಂಬಬೇಡಿ.

ದಾರಿ ಯಾವುದು? ಒಬ್ಬೊಬ್ಬರ ಮನೆಯಲ್ಲಿ ಆಗದ್ದು ಊರೊಟ್ಟಿಗೆ ಆಗುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ನಿಮ್ಮೂರಿನ ಕೇಂದ್ರದ ಬಾಗಿಲು ಸಂಜೆ ತೆರೆದಿರುತ್ತದೆಯೆ? ಕರೆಂಟು, ಇಂಟರ್‌ನೆಟ್ಟು ಇವೆಯೆ? ಕೂಲಿ ಮಾಡುವವರ ಮಗಳು ಅಲ್ಲಿ ಹೆದರದೆ ಕೂರಬಹುದೆ? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಶಾಲೆಯವರಿಗೂ ಹೇಳಿ: ಫೋನಿನಲ್ಲಿ ಕಳಿಸಿದ ಮನೆಪಾಠವನ್ನು ಕರಿಹಲಗೆಯ ಮೇಲೂ ಬರೆಯಿರಿ. ಖಾಲಿ ಬಿದ್ದಿರುವ ಉಪಾಧ್ಯಾಯರ ಜಾಗಕ್ಕೆ ಆ್ಯಪ್ ತೋರಿಸಿದರೆ ಒಪ್ಪಬೇಡಿ. ಆ್ಯಪು ಮೇಷ್ಟ್ರಿಗೆ ನೆರವಾಗಬಹುದು. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಮಗುವಿನ ಮುಖ ನೋಡಿ, ಇವತ್ತು ಊಟ ಮಾಡಿಲ್ಲವೆಂದು ತಿಳಿಯಲಾರದು.

ಬಂಧುಗಳೆ, ಹೊಸ ಸಲಕರಣೆ ಬಂದಾಗಲೆಲ್ಲ ಅದು ಮೊದಲು ಉಳ್ಳವರ ಮನೆ ಸೇರುತ್ತದೆ. ಅದನ್ನು ಎಲ್ಲರ ಕೈಗೂ ಎಟುಕುವಂತೆ ಮಾಡುವುದು ತಾನಾಗಿ ಆಗತಕ್ಕ ಕೆಲಸವಲ್ಲ, ನಾವು ಕೂಡಿ ಮಾಡತಕ್ಕ ಕೆಲಸ. ಅದು ನಿಮ್ಮೂರಿನ ಗ್ರಾಮಸಭೆಯಲ್ಲೇ ಆರಂಭವಾಗಲಿ.