ಹಳೆಯ ಗೋಡೆಗೆ ಹೊಸ ಗಾರೆ

ಸುಗ್ಗಿ ಮುಗಿಯಿತು, ರಾಗಿ ಮನೆ ಸೇರಿತು. ಇನ್ನು ಯುಗಾದಿಗೆ ಸುಣ್ಣ ಬಳಿಯಬೇಕು ಅಂತ ಸಾಲಗಾಮೆ ಸುತ್ತಿನ ಊರುಗಳಲ್ಲಿ ಎಲ್ಲರೂ ಯೋಚಿಸುವ ಕಾಲ. ಬಳಿಯುವ ಮುಂಚೆ ಗೋಡೆಯನ್ನು ಒಂದು ಸಾರಿ ತಟ್ಟಿ ನೋಡಿ.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ನಮ್ಮದು ಮಣ್ಣಿನ ಗೋಡೆ. ಗಟ್ಟಿಯಾಗಲಿ ಅಂತ ಪಡುವಣ ಗೋಡೆಗೆ ಸಿಮೆಂಟು ಗಾರೆ ಮಾಡಿಸಿದೆವು. ಎರಡು ಮಳೆಗಾಲ ಚೆನ್ನಾಗಿತ್ತು. ಮೂರನೆಯ ವರ್ಷ ಅದು ಮಣ್ಣನ್ನೂ ಕಿತ್ತುಕೊಂಡು ಹಾಳೆ ಹಾಳೆಯಾಗಿ ಬಿತ್ತು. ಒಳಗೆ ಗೋಡೆಗೆ ಒರಗಿಸಿದ್ದ ಬಿತ್ತನೆ ರಾಗಿಗೆ ಮುಗ್ಗಲು ಹಿಡಿದಿತ್ತು. ಮಣ್ಣಿನ ಗೋಡೆ ತೇವ ಕುಡಿದು ಮತ್ತೆ ಗಾಳಿಗೆ ಬಿಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಆದ್ದರಿಂದ ಮಣ್ಣಿನ ಗೋಡೆಗೆ ಮಣ್ಣಿನ ಗಾರೆ, ಸುಣ್ಣದ ಗೋಡೆಗೆ ಸುಣ್ಣದ ಗಾರೆ. ಇಷ್ಟು ನೆನಪಿಡಿ.

ಮೊದಲು ನೀರನ್ನು ತಡೆಯಿರಿ. ಒಡೆದ ಹೆಂಚು ಬದಲಾಯಿಸಿ. ಬಚ್ಚಲ ನೀರನ್ನು ದೂರ ಹರಿಸಿ. ಗೋಡೆಯ ಬುಡಕ್ಕೆ ಒಟ್ಟಿದ ಗೊಬ್ಬರ ತೆಗೆಯಿರಿ.

ಬಿರುಕಿದ್ದರೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ ಒಂದು ತಿಂಗಳು ಬಿಡಿ. ಕಾಗದ ಹರಿದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದು ತಿಳಿಯಿರಿ. ಅಂಥ ಗೋಡೆಯನ್ನೂ, ಉಬ್ಬಿದ ಇಲ್ಲವೆ ವಾಲಿದ ಗೋಡೆಯನ್ನೂ ಗಾರೆಯಿಂದ ಮುಚ್ಚಬೇಡಿ. ಮಕ್ಕಳನ್ನೂ ದನಗಳನ್ನೂ ಬೇರೆ ಕಡೆ ಇರಿಸಿ, ತಿಳಿದ ಮೇಸ್ತ್ರಿಗೆ ತೋರಿಸಿ.

ಗೋಡೆ ಗಟ್ಟಿಯಿದ್ದರೆ ಕೆಲಸ ಸುಲಭ. ತಟ್ಟಿದಾಗ ಟೊಳ್ಳು ಶಬ್ದ ಬರುವ ಗಾರೆಯನ್ನೆಲ್ಲ ಕೆತ್ತಿ ತೆಗೆಯಿರಿ. ಇಲಿ ಬಿಲಗಳಿಗೆ ಕಲ್ಲಿನ ಚೂರು ಜಡಿಯಿರಿ. ಬಿರುಕನ್ನು ಉಳಿಯಿಂದ ಸ್ವಲ್ಪ ಅಗಲಿಸಿ, ಧೂಳು ಗುಡಿಸಿ, ನೀರು ಚಿಮುಕಿಸಿ. ಒಣ ಗೋಡೆ ಗಾರೆಯ ನೀರನ್ನು ಹೀರಿಬಿಡುತ್ತದೆ. ಆಗ ಹಿಡಿತ ಸಿಗುವುದಿಲ್ಲ.

ಮಣ್ಣಿನ ಗಾರೆಗೆ ಜರಡಿ ಹಿಡಿದ ಕೆಮ್ಮಣ್ಣು, ಮರಳು, ತುಂಡು ಮಾಡಿದ ಬತ್ತದ ಹುಲ್ಲು ಸೇರಿಸಿ ನಾಲ್ಕೈದು ದಿನ ನೆನೆಹಾಕಿ ತುಳಿಯಿರಿ. ಅಂಗೈಯಷ್ಟು ಗೋಡೆಗೆ ಬಳಿದು ಒಣಗಿಸಿ ನೋಡಿ. ಸೀಳು ಬಿಟ್ಟರೆ ಮರಳು ಸೇರಿಸಿ. ಪುಡಿಯಾದರೆ ಜಿಗಟು ಮಣ್ಣು ಸೇರಿಸಿ. ಸುಣ್ಣದ ಗಾರೆಗೆ ಚೆನ್ನಾಗಿ ಅರಳಿಸಿದ ಸುಣ್ಣ 1 ಪಾಲು, ಮರಳು 3 ಪಾಲು. ಸುಣ್ಣ ಅರಳುವಾಗ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಹಾರಿದರೆ ಉಜ್ಜಬೇಡಿ. ಧಾರಾಳವಾಗಿ ನೀರು ಹಾಕಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಒಂದೇ ಸಾರಿ ದಪ್ಪಗೆ ಮೆತ್ತಬೇಡಿ. ಬೆರಳು ದಪ್ಪಕ್ಕಿಂತ ಕಡಮೆ ಇರಲಿ. ಅದು ಬಿಗಿದ ಮೇಲೆ ಎರಡನೆಯ ಪದರ ಹಾಕಿ. ನೆಟ್ಟನೆಯ ಮರದ ಪಟ್ಟಿ ಎಳೆದು ಉಬ್ಬು ತಗ್ಗು ಸರಿಮಾಡಿ, ಆಮೇಲೆ ಕರಣೆಯಿಂದ ನಯ ಮಾಡಿ. ಮಣ್ಣಿನ ಗಾರೆಯಾದರೆ ನುಣುಪಾದ ಹೊಳೆಗಲ್ಲಿನಿಂದ ತೀಡಿದರೂ ಸರಿ. ಸುಣ್ಣದ ಗಾರೆಗೆ ಒಂದು ವಾರ ಒದ್ದೆ ಗೋಣಿತಾಟು ತೂಗುಬಿಡಿ. ಅದು ಗಾಳಿಯನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ, ಅವಸರ ಸಲ್ಲದು.

ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಎರಡು ಮೂರು ಸಾರಿ ಸುಣ್ಣ ಬಳಿಯಿರಿ. ಮೂಟೆಗಳನ್ನು ಮಾತ್ರ ಗೋಡೆಗೆ ತಾಗಿಸದೆ, ಮಣೆಯ ಮೇಲೆ ಒಂದು ಮೊಳ ದೂರ ಇಡಿ. ಮುಂಗಾರಿಗೆ ಬಿತ್ತಬೇಕಾದ ಬೀಜವನ್ನು ಕಾಯುವುದೂ ಇದೇ ಗೋಡೆ ಅಲ್ಲವೇ?