ಘಾಟಿಯ ನೆತ್ತಿಯ ಧರ್ಮಛತ್ರ

ದಾರಿ ನಡೆದು ದಣಿದವನಿಗೆ ಕೂಡಲು ಒಂದು ಜಗಲಿ, ಕುಡಿಯಲು ಒಂದು ಚೆಂಬು ನೀರು, ಹಸಿವಿಗೆ ನಾಲ್ಕು ತುತ್ತು ಅನ್ನ. ಛತ್ರವೆಂದರೆ ನಮ್ಮ ಹಿರಿಯರ ಮನಸ್ಸಿನಲ್ಲಿ ಇದ್ದುದು ಇಷ್ಟೆ. ಊರಿನ ನಡುವೆ, ಕೆರೆಯ ದಡದಲ್ಲಿ, ಸಾಲುಮರದ ನೆರಳಿನಲ್ಲಿ ಛತ್ರ ನಡೆಸುವುದೇ ಕಷ್ಟವೆಂದು ಕಟ್ಟಿಸಿದವರ ಮಕ್ಕಳು ಗೊಣಗುವುದುಂಟು. ಹಾಗಿರುವಾಗ ಎಂಟು ಸಾವಿರ ಅಡಿಗೂ ಮೇಲೆ, ಮರವೊಂದೂ ಬೆಳೆಯದ ಬಂಡೆಗಳ ಮಧ್ಯೆ, ವರ್ಷದ ಬಹುಭಾಗ ಹಿಮದಲ್ಲಿ ಹೂತಿರುವ ಜಾಗದಲ್ಲಿ ಛತ್ರ ನಡೆಸುವುದೆಂದರೆ ಹೇಗೆ? ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಸಾವಿರ ವರ್ಷಕ್ಕೆ ಸಮೀಪವಾಗಿ ನಡೆದುಬಂದಿರುವ ಅಂಥದೊಂದು ಛತ್ರದ ಕಥೆಯನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇನೆ.

ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ, ಸ್ವಿಟ್ಜರ್ಲೆಂಡಿನ ಮಾರ್ಟಿನಿ ಪಟ್ಟಣದಿಂದ ಇಟಲಿಯ ಆಓಸ್ತಾ ಪಟ್ಟಣಕ್ಕೆ ಹೋಗುವ ಪುರಾತನ ದಾರಿಯೊಂದುಂಟು. ಅದರ ನೆತ್ತಿಯೇ ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿ. ಎತ್ತರ 2,469 ಮೀಟರು. ರೋಮನರ ಕಾಲದಲ್ಲೇ ಸೈನ್ಯಗಳೂ ವರ್ತಕರೂ ಈ ದಾರಿಯಲ್ಲಿ ಸಾಗಿದ್ದರು. ರೋಮ್ ನಗರಕ್ಕೆ ಹೋಗುವ ಯಾತ್ರಿಕರಿಗೂ ಇದೇ ಹಾದಿ. ಆದರೆ ಹಿಮಕ್ಕೆ, ಚಳಿಗೆ, ದಾರಿಗಳ್ಳರಿಗೆ ಸಿಕ್ಕಿ ಸತ್ತವರಿಗೆ ಲೆಕ್ಕವಿರಲಿಲ್ಲ. ಆಓಸ್ತಾದ ಇಗರ್ಜಿಯಲ್ಲಿ ಅಧಿಕಾರಿಯಾಗಿದ್ದ ಬರ್ನಾರ್ಡ್ ಎಂಬ ಸಾಧುಪುರುಷ, ಸುಮಾರು 1050ರಲ್ಲಿ, ಘಾಟಿಯ ತುತ್ತತುದಿಯಲ್ಲೇ ಒಂದು ಆಶ್ರಯಧಾಮವನ್ನು ಕಟ್ಟಿಸಿದ. ಜನ ಸಾಯುವ ಸ್ಥಳದಲ್ಲೇ ಒಲೆ ಉರಿಯಬೇಕು ಎಂಬುದು ಅವನ ಯೋಚನೆಯ ತಿರುಳು. ಈ ಬರ್ನಾರ್ಡನನ್ನು 1923ರಲ್ಲಿ ಪೋಪರು ಪರ್ವತಾರೋಹಿಗಳ ಪಾಲಕ ಸಂತನೆಂದು ಸಾರಿದರು.

ಅಲ್ಲಿನ ವರ್ಷವನ್ನು ಋತುಋತುವಾಗಿ ನೋಡೋಣ. ಬೇಸಗೆ ಬಲು ಚಿಕ್ಕದು. ಜೂನ್ ತಿಂಗಳಲ್ಲಿ ದಾರಿ ತೆರೆದರೆ ಅಕ್ಟೋಬರಿನಲ್ಲಿ ಮುಚ್ಚಿಹೋಗುತ್ತದೆ. ಛತ್ರದ ಪಕ್ಕದ ಪುಟ್ಟ ಸರೋವರದ ಮಂಜುಗಡ್ಡೆ ಕರಗಿ, ಬಂಡೆಗಳ ಸಂದಿಯಲ್ಲಿ ಸಣ್ಣ ಹೂಗಳು ಇಣುಕುವ ಕಾಲ ಅದು. ಮಠದವರಿಗೆ ಮಾತ್ರ ಹೂ ನೋಡುತ್ತ ಕೂರಲು ಬಿಡುವಿರುತ್ತಿರಲಿಲ್ಲ. ಮೇಲೆ ಒಂದು ಕಡ್ಡಿ ಸೌದೆಯೂ ಸಿಕ್ಕದು. ಒಲೆಗೆ ಬೇಕಾದ ಸೌದೆ, ರೊಟ್ಟಿಗೆ ಬೇಕಾದ ಹಿಟ್ಟು, ಗಿಣ್ಣು, ದ್ರಾಕ್ಷಾರಸ ಎಲ್ಲವೂ ಕೆಳಗಿನ ಕಣಿವೆಗಳಿಂದ ಹೇಸರಗತ್ತೆಗಳ ಬೆನ್ನೇರಿ ಬರಬೇಕು. ನಾಲ್ಕು ತಿಂಗಳು ಹೊತ್ತು ತಂದದ್ದನ್ನು ಎಂಟು ತಿಂಗಳು ಉಣ್ಣಬೇಕು, ಉಣಿಸಬೇಕು. ಬೇಸಗೆಯಲ್ಲಿ ಲೆಕ್ಕ ತಪ್ಪಿದರೆ ಮಾಘದಲ್ಲಿ ಹಸಿವು! ಜೊತೆಗೆ ಇನ್ನೊಂದು ತೊಂದರೆ: ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದುದರಿಂದ ನೀರು ಸುಮಾರು 92 ಡಿಗ್ರಿಗೇ ಕುದಿದುಬಿಡುತ್ತದೆ. ಕುದಿಯುವುದು ಬೇಗ, ಬೇಯುವುದು ನಿಧಾನ. ಎಂದರೆ ಸೌದೆ ಇಲ್ಲದ ಕಡೆಯಲ್ಲೇ ಸೌದೆಯ ಖರ್ಚು ಹೆಚ್ಚು.

ಚಳಿಗಾಲ ಬಂತೆಂದರೆ ಛತ್ರದ ನಿಜವಾದ ಕೆಲಸ ಆರಂಭ. ಚಳಿ ಶೂನ್ಯಕ್ಕಿಂತ ಎಷ್ಟೋ ಡಿಗ್ರಿ ಕೆಳಗಿಳಿಯುತ್ತದೆ; ಗಾಳಿ ಒಟ್ಟಿದ ಹಿಮ ಕೆಳ ಅಂತಸ್ತಿನ ಕಿಟಕಿಗಳನ್ನು ನುಂಗಿಬಿಡುತ್ತದೆ. ಹಿಂದಿನ ಕಾಲದಲ್ಲಿ ಮಠದ ಆಳುಗಳು ರೊಟ್ಟಿ, ಗಿಣ್ಣು, ದ್ರಾಕ್ಷಾರಸಗಳನ್ನು ಹೊತ್ತು ಘಾಟಿಯ ಎರಡು ಕಡೆಗೂ ಇಳಿಯುತ್ತಿದ್ದರು. ದಾರಿಯಲ್ಲಿ ಯಾರಾದರೂ ಸಿಕ್ಕಿಕೊಂಡಿದ್ದಾರೆಯೆ ಎಂದು ಅತಿಥಿಯನ್ನು ಹುಡುಕಿಕೊಂಡು ಹೋಗುವ ಛತ್ರ ಇದು! 17ನೆಯ ಶತಮಾನದ ಕೊನೆಯ ಹೊತ್ತಿಗೆ ಅವರ ಜೊತೆಗೆ ನಾಯಿಗಳೂ ಬಂದವು. ಮೊದಲು ಕಾವಲಿಗೆಂದು ಸಾಕಿದ ನಾಯಿಗಳು; 18ನೆಯ ಶತಮಾನದ ಆರಂಭದಲ್ಲಿ ಅಡಿಗೆಮನೆಯ ಚಕ್ರದೊಳಗೆ ನಾಯಿಯನ್ನು ಓಡಿಸಿ ಮಾಂಸ ಸುಡುವ ಸಲಾಕೆಯನ್ನು ತಿರುಗಿಸುತ್ತಿದ್ದುದೂ ಉಂಟು. ಮಂಜು ಕವಿದಾಗ ದಾರಿ ಬಲ್ಲುದು ನಾಯಿ, ಹಿಮದಡಿಯ ಮನುಷ್ಯನ ವಾಸನೆ ಬಲ್ಲುದು ನಾಯಿ ಎಂಬುದು ತಿಳಿದ ಮೇಲೆ ಅವುಗಳಿಗೆ ಬೇರೆಯೇ ಬಡ್ತಿ ಸಿಕ್ಕಿತು. 1800ರಲ್ಲಿ ಹುಟ್ಟಿದ ಬ್ಯಾರಿ ಎಂಬ ನಾಯಿ 40ಕ್ಕೂ ಹೆಚ್ಚು ಮಂದಿಯನ್ನು ಉಳಿಸಿತೆಂದು ಹೇಳುತ್ತಾರೆ. ಮುಪ್ಪಿನಲ್ಲಿ ಬರ್ನ್ ನಗರದಲ್ಲಿ ಸುಖವಾಗಿದ್ದು 1814ರಲ್ಲಿ ತೀರಿಕೊಂಡಿತು. ಅದರ ದೇಹವನ್ನು ಹದಮಾಡಿ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನಾಯಿಯ ಕೊರಳಲ್ಲಿ ಬ್ರಾಂದಿಯ ಪುಟ್ಟ ಪೀಪಾಯಿ ನೇತಾಡುವ ಚಿತ್ರವನ್ನು ತಾವೆಲ್ಲ ನೋಡಿರಬಹುದು. ಅದು 1820ರಲ್ಲಿ ಲ್ಯಾಂಡ್‌ಸೀರ್ ಎಂಬ ಇಂಗ್ಲಿಷ್ ಕಲಾವಿದ ಬರೆದ ಚಿತ್ರದಿಂದ ಹರಡಿದ ಕಲ್ಪನೆ.

ಎಲ್ಲರನ್ನೂ ಉಳಿಸಲಾಗುತ್ತಿರಲಿಲ್ಲ. ಚೈತ್ರ ವೈಶಾಖಗಳಲ್ಲಿ, ಹಿಮ ಬಿಸಿಲಿಗೆ ತೋಯ್ದು ಭಾರವಾದಾಗ, ಇಳಿಜಾರಿನಿಂದ ರಾಶಿರಾಶಿಯಾಗಿ ಕುಸಿಯುತ್ತದೆ. ಘಾಟಿಯ ಸ್ವಿಸ್ ಕಡೆಯ ಒಂದು ಕೊಳ್ಳಕ್ಕೆ ಸತ್ತವರ ಕೊಳ್ಳವೆಂದೇ ಹೆಸರು. ಹೆಪ್ಪುಗಟ್ಟಿದ ಬಂಡೆನೆಲದಲ್ಲಿ ಗೋರಿ ತೋಡುವುದು ಅಸಾಧ್ಯ. ಆದ್ದರಿಂದ ಗುರುತು ಸಿಕ್ಕದ ಹೆಣಗಳನ್ನು ಛತ್ರದ ಬಳಿ ಒಂದು ಕೋಣೆಯಲ್ಲಿ ಇರಿಸುತ್ತಿದ್ದರು. ಚಾರ್ಲ್ಸ್ ಡಿಕನ್ಸ್ 1846ರಲ್ಲಿ ಇಲ್ಲಿಗೆ ಬಂದು ಅದನ್ನು ಕಂಡ. ತನ್ನ ‘ಲಿಟ್ಲ್ ಡಾರಿಟ್’ ಕಾದಂಬರಿಯ ಎರಡನೆಯ ಭಾಗವನ್ನು ಇದೇ ಘಾಟಿಯಲ್ಲಿ ಆರಂಭಿಸಿದ. ಬದುಕಿದ್ದವರಿಗೂ ಸುಖವಿರಲಿಲ್ಲ. ಹರೆಯದಲ್ಲಿ ಮೇಲೇರಿದ ಎಷ್ಟೋ ಮಂದಿ ಮಠಸ್ಥರು ಕೆಲವು ವರ್ಷಗಳ ಚಳಿಗೆ ಆರೋಗ್ಯ ಕಳೆದುಕೊಂಡು ಕೆಳಗಿನ ಮಾರ್ಟಿನಿಗೆ ಇಳಿಯುತ್ತಿದ್ದರು. ಅವರ ಜಾಗಕ್ಕೆ ಬೇರೊಬ್ಬರು ಹತ್ತಿ ಬರುತ್ತಿದ್ದರು. ಅಪರಿಚಿತನೊಬ್ಬನಿಗೆ ಒಂದು ಬಟ್ಟಲು ಬಿಸಿ ಸಾರು ಸಿಗಲು ತೆತ್ತ ಬೆಲೆ ಇದು.

ಬಂದವರಲ್ಲಿ ಎಲ್ಲ ತರದವರೂ ಇದ್ದರು. 1800ರ ಮೇ ತಿಂಗಳಿನಲ್ಲಿ, ಹಿಮ ಇನ್ನೂ ಕರಗಿರದಾಗ, ನೆಪೋಲಿಯನ್ ಸುಮಾರು 40,000 ಸೈನಿಕರೊಡನೆ ಇಟಲಿಯತ್ತ ಈ ಘಾಟಿಯನ್ನು ದಾಟಿದ. ಮರದ ದಿಮ್ಮಿಗಳನ್ನು ಕೊರೆದು, ಅವುಗಳೊಳಗೆ ಫಿರಂಗಿಗಳನ್ನಿಟ್ಟು, ಸೈನಿಕರೇ ಹಗ್ಗಕಟ್ಟಿ ಎಳೆದರು. ಮಠದವರು ಆ ದಂಡಿಗೂ ರೊಟ್ಟಿ, ಗಿಣ್ಣು, ದ್ರಾಕ್ಷಾರಸ ಹಂಚಿದರು. ಮುಂದಿನ ತಿಂಗಳು ಮಾರೆಂಗೋ ಕದನದಲ್ಲಿ ಮಡಿದ ದಂಡನಾಯಕ ದೆಸೇಯ ಸಮಾಧಿ ಇಂದಿಗೂ ಛತ್ರದ ಇಗರ್ಜಿಯಲ್ಲಿದೆ.

19ನೆಯ ಶತಮಾನದಲ್ಲಿ ಬೇರೊಂದು ಜಾತಿಯ ಅತಿಥಿಗಳು ಬಂದರು: ಪ್ರವಾಸಿಗರು. ಛತ್ರದಲ್ಲಿ ಊಟಕ್ಕೂ ಹಾಸಿಗೆಗೂ ಹಣ ಕೇಳುವ ಪದ್ಧತಿ ಇರಲಿಲ್ಲ. ಇಗರ್ಜಿಯಲ್ಲಿ ಕಾಣಿಕೆಯ ಪೆಟ್ಟಿಗೆ ಮಾತ್ರ ಇತ್ತು. ಬಡ ಕೂಲಿಯವನು ಏನೂ ಹಾಕದೆ ಹೋಗಬಹುದಿತ್ತು. ಆದರೆ ಚಿನ್ನದ ಗಡಿಯಾರದ ಸರಪಳಿ ತೊಟ್ಟವರೂ ಉಂಡು ಮಲಗಿ, ಪೆಟ್ಟಿಗೆಯ ಕಡೆ ನೋಡದೆ ಇಳಿದುಹೋದರೆ? ಹೋಟೆಲಿನಲ್ಲಿ ಕೊಡುವಷ್ಟನ್ನಾದರೂ ಇಲ್ಲಿ ಕೊಡಿರೆಂದು ಆ ಕಾಲದ ಪ್ರವಾಸಿ ಕೈಪಿಡಿಗಳು ಬುದ್ಧಿ ಹೇಳಬೇಕಾಯಿತು. ಚಳಿಯನ್ನೂ ಕಳ್ಳರನ್ನೂ ಎದುರಿಸಿದ ಆತಿಥ್ಯಕ್ಕೆ ಹಣವಂತರ ಮರೆವು ಹೊಸ ಪರೀಕ್ಷೆಯಾಯಿತು.

ಅದಕ್ಕಿಂತ ದೊಡ್ಡ ಪರೀಕ್ಷೆ ಮುಂದಿತ್ತು. 1905ರ ಹೊತ್ತಿಗೆ ಘಾಟಿಯ ಮೇಲೆ ಗಾಡಿರಸ್ತೆ ಪೂರ್ತಿಯಾಯಿತು. 1964ರಲ್ಲಿ ಬೆಟ್ಟದ ಹೊಟ್ಟೆಯನ್ನೇ ಕೊರೆದು ಸುಮಾರು 5.8 ಕಿಲೋಮೀಟರು ಉದ್ದದ ಸುರಂಗ ತೆರೆದರು. ಹಿಂದೆ ಪ್ರಾಣವನ್ನು ಕೈಯಲ್ಲಿ ಹಿಡಿದು ದಾಟುತ್ತಿದ್ದ ಪರ್ವತವನ್ನು ಈಗ ಕೆಲವೇ ನಿಮಿಷಗಳಲ್ಲಿ ದಾಟಬಹುದು. ಮೇಲೆ ಬಿರುಗಾಳಿ ಬೀಸುತ್ತಿದೆಯೆಂಬುದು ಕಾರಿನಲ್ಲಿ ಕುಳಿತವರಿಗೆ ತಿಳಿಯುವುದೂ ಇಲ್ಲ. ನಾಯಿಗಳಿಗೂ ಕೆಲಸ ಉಳಿಯಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಅವುಗಳ ಪಾಲನೆಯನ್ನು ಮಾರ್ಟಿನಿಯ ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಿದರು. ಬೇಸಗೆಯಲ್ಲಿ ಮಾತ್ರ ಅವು ಮೇಲಕ್ಕೆ ಬರುತ್ತವೆ.

ಹಾಗಾದರೆ ಛತ್ರದ ಬಾಗಿಲು ಮುಚ್ಚಬೇಕಾಗಿತ್ತಲ್ಲವೆ? ದಾರಿಹೋಕನೇ ಇಲ್ಲದ ಮೇಲೆ ಅರವಟ್ಟಿಗೆ ಏಕೆ? ಆದರೆ ಬಾಗಿಲು ಮುಚ್ಚಲಿಲ್ಲ. ಮಠದವರು ಈಗ ಕೆಲವೇ ಮಂದಿ. ಹೊರಗಿನಿಂದ ಬಂದ ಸಹಾಯಕರು ಅವರ ಜೊತೆ ದುಡಿಯುತ್ತಾರೆ. ತಂಗುವವರಿಂದ ಈಗ ಹಣ ಪಡೆಯುವುದುಂಟು. ಆದರೂ ವರ್ಷದ 365 ದಿನವೂ ಛತ್ರ ತೆರೆದಿದೆ. ಅದರ ಹೆಬ್ಬಾಗಿಲಿಗೆ ಬೀಗ ಹಾಕುವುದಿಲ್ಲವೆಂಬುದು ಅಲ್ಲಿಯವರ ಹೆಮ್ಮೆಯ ಮಾತು. ಚಳಿಗಾಲದಲ್ಲಿ ಸುರಂಗದ ಬಾಯಿಂದ ಹಿಮಜಾರುಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಎರಡು ಮೂರು ಗಂಟೆ ಹತ್ತಿ ಬರುವವರಿದ್ದಾರೆ. ಬೇಸಗೆಯಲ್ಲಿ ಕ್ಯಾಂಟರ್‌ಬರಿಯಿಂದ ರೋಮ್‌ಗೆ ಹೋಗುವ ಹಳೆಯ ಯಾತ್ರಾಮಾರ್ಗವನ್ನು ನಡೆದೇ ಕ್ರಮಿಸುವವರಿದ್ದಾರೆ. ಬಂದವರಿಗೆ ಮೊದಲು ಬಿಸಿ ಚಹಾ, ಪ್ರಶ್ನೆಗಳು ಆಮೇಲೆ.

ಇವರಾರೂ ಬೇರೆ ದಾರಿಯಿಲ್ಲದೆ ಬಂದವರಲ್ಲ. ದಾರಿಯಿದ್ದೂ ಬೇಕೆಂದು ಬೆಟ್ಟ ಹತ್ತಿ ಬಂದವರು. ಒಬ್ಬನಿಗೆ ಮೌನ ಬೇಕಾಗಿದೆ; ಇನ್ನೊಬ್ಬನಿಗೆ ತನ್ನ ದುಃಖವನ್ನು ಅಪರಿಚಿತರ ಪಂಕ್ತಿಯಲ್ಲಿ ಕುಳಿತು ಮರೆಯಬೇಕಾಗಿದೆ. ಸುರಂಗ ಪರ್ವತದ ಅಪಾಯವನ್ನು ನೀಗಿತು, ಮನುಷ್ಯನ ಒಂಟಿತನವನ್ನು ನೀಗಲಿಲ್ಲ. ಅದನ್ನು ಅರಿತೇ ಅವರು ಒಲೆಯನ್ನು ಆರಗೊಟ್ಟಿಲ್ಲವೆಂದು ತೋರುತ್ತದೆ.

ಅತಿಥಿಯನ್ನು ದೇವರೆಂದು ಕಾಣುವ ಮಾತು ನಮಗೆ ಹೊಸದಲ್ಲ. ಆ ಮಾತನ್ನು ಹೇಳುವುದು ಸುಲಭ. ಕದ ತಟ್ಟುವ ಸದ್ದು ಕೇಳಿದಾಗ ಎದ್ದುಹೋಗಿ ಬಾಗಿಲು ತೆರೆಯುವುದು ಕಷ್ಟ. ತಟ್ಟುವ ಸದ್ದಿಗೂ ಕಾಯದೆ ಅಗುಳಿ ತೆಗೆದೇ ಇಟ್ಟಿರುವ ಮನೆಯೊಂದು ಆ ಹಿಮದ ನಡುವೆ ಈ ರಾತ್ರಿಯೂ ಎಚ್ಚರವಾಗಿದೆ.