ಹಬ್ಬದ ವಹಿ: ಲೆಕ್ಕದ ಕೆಳಗೊಂದು ವಾಕ್ಯ

(ಟಿಳಕವಾಡಿಯಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ಸಂದರ್ಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಸಭೆಯ ಅಧ್ಯಕ್ಷರೇ, ಪದಾಧಿಕಾರಿಗಳೇ, ದಾನಿಗಳೇ, ಖಾನಾಪುರದಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ಪಾಲಕರೇ, ಮಕ್ಕಳೇ,

ನಮಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮಾಸ್ತರರಿಗೆ ಹಾಜರಿ ಕರೆಯುವುದಕ್ಕೇ ಅಷ್ಟು ಹೊತ್ತು ಬೇಕು. ಹೀಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇವೆ.

ನಾವು ಕೆಲವು ನಿವೃತ್ತ ಶಿಕ್ಷಕರು ಸೇರಿ ಐದರಿಂದ ಏಳನೆಯ ತರಗತಿಯ ಮಕ್ಕಳಿಗೆ ಸಂಜೆಯ ಪಾಠ ನಡೆಸುತ್ತೇವೆ. ಈ ಮಕ್ಕಳಿಗೆ ಮನೆಯಲ್ಲಿ ದಖನಿ, ಓಣಿಯಲ್ಲಿ ಮರಾಠಿ ಮತ್ತು ಕನ್ನಡ. ಶಾಲೆಯಲ್ಲಿ ಒಬ್ಬರಿಗೆ ಉರ್ದು ಮಾಧ್ಯಮ, ಇನ್ನೊಬ್ಬರಿಗೆ ಕನ್ನಡ, ಮತ್ತೊಬ್ಬರಿಗೆ ಇಂಗ್ಲಿಷ್. ಮಗ್ಗಿ ಕೇಳಿದರೆ ಹೇಳುತ್ತಾರೆ, ಭಾಗಾಕಾರ ಕೊಟ್ಟರೆ ಮಾಡುತ್ತಾರೆ. ಆದರೆ ಮೂರು ಸಾಲಿನ ಒಂದು ಹೇಳಿಕೆ ಲೆಕ್ಕ ಕೊಟ್ಟು ನೋಡಿ. ಓದುವ ಮೊದಲೇ ಪ್ರಶ್ನೆ ಬರುತ್ತದೆ: "ಸರ್, ಇದು ಕೂಡಸೋದ್ರಿ, ಕಳಿಯೋದ್ರಿ?"

ಆ ಪ್ರಶ್ನೆಯನ್ನು ನಾವು ಸೇವೆಯ ಉದ್ದಕ್ಕೂ ಕೇಳಿದ್ದೇವೆ. ಅದು ಗಣಿತದ ದೌರ್ಬಲ್ಯವಲ್ಲ. ಅಂಕಿ ಒಂದು ಕಡೆ, ಮಾತು ಒಂದು ಕಡೆ ಕಲಿಸಿದ ನಮ್ಮದೇ ತಪ್ಪು. ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳು ಈ ಕೊರತೆಯನ್ನು ನೀಗಿಸುವ ಒಳ್ಳೆಯ ಪ್ರಯತ್ನಗಳು. ಅಲ್ಲಿ ಮಗು ತೂಗುತ್ತದೆ, ಮಾರುತ್ತದೆ, ಚಿಲ್ಲರೆ ಎಣಿಸುತ್ತದೆ. ನಾವು ಅದಕ್ಕೆ ಬರವಣಿಗೆಯನ್ನು ಸೇರಿಸಿ, ರಮಜಾನ್ ತಿಂಗಳಿಗೆ ಹೊಂದಿಸಿಕೊಂಡೆವು. ಪ್ರತಿ ಮಗುವಿಗೆ ಒಂದು ವಹಿ ಕೊಟ್ಟೆವು. ನಿಯಮ ಒಂದೇ: ಪ್ರತಿ ಲೆಕ್ಕದ ಕೆಳಗೆ ಒಂದು ವಾಕ್ಯ ಇರಬೇಕು. ಉತ್ತರ ಬಂದರೆ ಸಾಲದು, ಆ ಉತ್ತರ ಏನು ಹೇಳುತ್ತದೆ ಎಂದು ಬರೆಯಬೇಕು.

ಮೊದಲ ಪುಟ ಚಂದ್ರನದು. ನಮ್ಮಲ್ಲಿ ಈದುಲ್ ಫಿತ್ರ್ 2023ರಲ್ಲಿ ಏಪ್ರಿಲ್ 22, 2024ರಲ್ಲಿ ಏಪ್ರಿಲ್ 11, 2025ರಲ್ಲಿ ಮಾರ್ಚ್ 31. ಕಳೆಯಿರಿ ಎಂದೆವು. ಎರಡು ಸಲವೂ 11 ಬಂತು. ಚಾಂದ್ರ ವರ್ಷ 354 ದಿನ, ಸೌರ ವರ್ಷ 365 ದಿನ, ಅಂತರ 11. ಹಾಗಾದರೆ ಸುಮಾರು 33 ವರ್ಷಕ್ಕೆ ಹಬ್ಬ ಒಂದು ಸುತ್ತು ಹಾಕಿ ಅದೇ ಹಂಗಾಮಿಗೆ ಮರಳುತ್ತದೆ. ಹನ್ನೊಂದು ವರ್ಷದ ಹುಡುಗನೊಬ್ಬ ಅದರ ಕೆಳಗೆ ಬರೆದ: "ಇದೇ ಬಿಸಿಲಿನಲ್ಲಿ ರೋಜಾ ಮತ್ತೆ ಬಂದಾಗ ನನಗೆ 44 ವರ್ಷ. ಆಗ ನನ್ನ ಮಕ್ಕಳು ರೋಜಾ ಹಿಡಿಯುತ್ತಾರೆ."

ಪಕ್ಕದ ಮನೆಯ ಗಣೇಶ ಚತುರ್ಥಿಯನ್ನೂ ನೋಡಿ ಬನ್ನಿ ಎಂದೆವು. 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. ಅಲ್ಲೂ 11! ಚಂದ್ರ ಇಬ್ಬರಿಗೂ ಒಬ್ಬನೇ. ಆದರೆ ಅವರ ಪಂಚಾಂಗದಲ್ಲಿ ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿ ಹಬ್ಬ ಹಿಂದಿನ ಜಾಗಕ್ಕೆ ಬರುತ್ತದೆ, ನಮ್ಮದರಲ್ಲಿ ಸೇರುವುದಿಲ್ಲ. ಇದನ್ನು ಮಕ್ಕಳು ಪಕ್ಕದ ಮನೆಯ ಕಾಕು ಅವರನ್ನು ಕೇಳಿ ತಿಳಿದು ಬಂದರು. ಬೆಳಗಾವಿಯಲ್ಲಿ ಬೆಳೆಯುವ ಮಗುವಿಗೆ ಇದೂ ಒಂದು ಪಾಠ.

ಎರಡನೆಯ ಪುಟ ಶೀರ್ ಖುರ್ಮಾದ್ದು, ಅಂದರೆ ನಮ್ಮ ಸುರಕುಂಬಾ. 2 ಲೀಟರ್ ಹಾಲಿಗೆ 12 ಬಟ್ಟಲು ಆದರೆ 30 ಜನಕ್ಕೆ ಎಷ್ಟು ಹಾಲು? ಎಲ್ಲರೂ 5 ಲೀಟರ್ ಎಂದರು. ಒಬ್ಬಳು ಮಾತ್ರ 5ನ್ನು ಹೊಡೆದು 6 ಬರೆದಿದ್ದಳು. ತಪ್ಪಲ್ಲವೇ ಎಂದು ಕೇಳಿದೆವು. "ಸರ್, ಹಬ್ಬದ ದಿನ ಮಂದಿ ಒಂದ ಬಟ್ಟಲಕ್ಕ ನಿಲ್ಲಂಗಿಲ್ರಿ" ಎಂದಳು. ಅದನ್ನೇ ವಾಕ್ಯವಾಗಿ ಬರೆ ಎಂದೆವು. ಪರೀಕ್ಷೆಯಲ್ಲಿ 5 ಸರಿ. ಅಡುಗೆಮನೆಯಲ್ಲಿ 6 ಸರಿ. ಕಾರಣ ಬರೆದರೆ ಎರಡೂ ಸರಿ.

ಮೂರನೆಯದು ಫಿತ್ರಾ ಮತ್ತು ಜಕಾತ್. ನೂರಕ್ಕೆ ಎರಡೂವರೆ ಎಂದರೆ ನಲವತ್ತರಲ್ಲಿ ಒಂದು. 40,000 ರೂಪಾಯಿಗೆ 1,000. ದಶಮಾಂಶದಲ್ಲಿ ಮಾಡಿದರೂ ಭಿನ್ನರಾಶಿಯಲ್ಲಿ ಮಾಡಿದರೂ ಉತ್ತರ ಒಂದೇ ಎಂದು ಕಂಡಾಗ ಮಕ್ಕಳ ಮುಖ ನೋಡಬೇಕಿತ್ತು. ಫಿತ್ರಾ ತಲೆ ಲೆಕ್ಕ, ಹಾಲು ಕುಡಿಯುವ ಕೂಸಿನದೂ ಸೇರಿಸಬೇಕು. ಹನಫಿ ಪದ್ಧತಿಯಲ್ಲಿ ಗೋಧಿಯಾದರೆ ಅರ್ಧ ಸಾ, ಖರ್ಜೂರ ಅಥವಾ ಜವೆಯಾದರೆ ಒಂದು ಸಾ. ಅಂಗಡಿಯ ದರ ಕೇಳಿಕೊಂಡು ಬಂದು ಎರಡನ್ನೂ ಲೆಕ್ಕ ಹಾಕಿದ ಒಬ್ಬ ಹುಡುಗ ಕೆಳಗೆ ಬರೆದಿದ್ದ: "ರೊಕ್ಕ ಇದ್ದವರು ಖರ್ಜೂರದ ಲೆಕ್ಕದಲ್ಲಿ ಕೊಡಬಹುದಲ್ಲ?" ದಾನಿಗಳು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ನಾವು ಹೆಚ್ಚು ಹೇಳುವುದಿಲ್ಲ.

ಈಗ ನಮ್ಮ ತಪ್ಪಿಗೆ ಬರುತ್ತೇವೆ. ನಾಲ್ಕನೆಯ ಪುಟಕ್ಕೆ "ನನ್ನ ಈದಿ" ಎಂದು ತಲೆಬರಹ ಕೊಟ್ಟಿದ್ದೆವು. ಎಷ್ಟು ಈದಿ ಬಂತು, ಯಾರು ಕೊಟ್ಟರು, ಯಾವುದಕ್ಕೆ ಖರ್ಚಾಯಿತು ಎಂದು ಬರೆಯಬೇಕಿತ್ತು. ನಮಗೆ ಅದು ಸುಲಭದ ಪುಟ ಅನಿಸಿತ್ತು. ಖಾನಾಪುರದ ಕಡೆಯಿಂದ ಬಂದು ಇಲ್ಲಿ ಬಾಡಿಗೆ ಮನೆಯಲ್ಲಿರುವ ಕುಟುಂಬದ ಒಬ್ಬ ಹುಡುಗಿ ಆ ಪುಟವನ್ನು ಖಾಲಿ ಬಿಟ್ಟಳು. ಉಳಿದವರು ತಮ್ಮ ಮೊತ್ತವನ್ನು ಗಟ್ಟಿಯಾಗಿ ಓದಿದರು. ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವಳಿಗೆ ಆ ವರ್ಷ ಈದಿ ಬಂದಿರಲಿಲ್ಲ ಎಂದು ನಮಗೆ ಆಮೇಲೆ ಗೊತ್ತಾಯಿತು. ಇಷ್ಟು ವರ್ಷ ಪಾಠ ಹೇಳಿದವರಿಗೆ ಇದು ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಾಲ್ಕನೆಯ ದಿನ ಅವಳು ತಾನಾಗಿ ಬಂದಳು. ವಹಿ ತೆರೆದು ತೋರಿಸಿದಳು. "ನನ್ನ ಈದಿ" ಎಂಬುದನ್ನು ಹೊಡೆದು "ಅಮ್ಮಿಯ ಹೊಲಿಗೆ" ಎಂದು ಬರೆದಿದ್ದಳು. ಹಬ್ಬದ ಮುಂಚೆ ತಾಯಿ 14 ಸೀರೆಗಳಿಗೆ ಫಾಲ್ ಹಚ್ಚಿದ್ದರು. ಒಂದಕ್ಕೆ 50 ರೂಪಾಯಿಯಂತೆ 700 ಬರಬೇಕು. ಬಂದದ್ದು 550. ಕೆಳಗೆ ವಾಕ್ಯ: "3 ಸೀರೆಯ 150 ರೂಪಾಯಿ ಬರಬೇಕು. ಅಮ್ಮಿಗೆ ನೆನಪಿರಲಿಲ್ಲ. ನಾನು ಕೇಳಿ ಕೇಳಿ ಬರೆದೆ." ಆ ವಹಿ ಹಿಡಿದುಕೊಂಡೇ ತಾಯಿ ಹೋಗಿ ಕೇಳಿದರು. ಬಾಕಿ ಬಂತು. ಜಗಳ ಆಗಲಿಲ್ಲ, ಏಕೆಂದರೆ ಯಾವ ದಿನ ಯಾವ ಬಣ್ಣದ ಸೀರೆ ಎಂದು ಬರೆದಿತ್ತು.

ಆ ದಿನದಿಂದ ನಾವು ಯಾವ ಮಗುವಿನ ಮನೆಯ ಮೊತ್ತವನ್ನೂ ತರಗತಿಯಲ್ಲಿ ಕೇಳುವುದಿಲ್ಲ. ಏಳು ಜನರ ಒಂದು ಕಾಲ್ಪನಿಕ ಮನೆ ಮಾಡಿಕೊಂಡಿದ್ದೇವೆ. ದಾದಿ, ಅಬ್ಬಾ, ಅಮ್ಮಿ, ನಾಲ್ಕು ಮಕ್ಕಳು. ಹಬ್ಬದ ಖರ್ಚೆಲ್ಲ ಆ ಮನೆಯದು. ಸ್ವಂತ ಮನೆಯ ಪುಟ ಬರೆಯುವುದು ಮಗುವಿನ ಇಷ್ಟ, ಅದನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ. ಇಂಥ ಪಾಠ ಮಾಡಬೇಕೆಂದಿರುವ ಶಿಕ್ಷಕರು ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಹಿರಿಯರೇ, ಕುರ್‌ಆನಿನಲ್ಲಿ ಅತ್ಯಂತ ದೀರ್ಘವಾದ ಆಯತ್ ಯಾವುದು? ಸೂರಾ ಬಕರಾದ 282ನೆಯದು. ಅದರ ವಿಷಯ ಸಾಲದ ವ್ಯವಹಾರ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಅವಧಿ ಸಹಿತ ಬರೆದಿಡಬೇಕು ಎಂಬ ಆದೇಶ ಅಲ್ಲಿದೆ. 9ನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿ ಬೀಜಗಣಿತದ ಗ್ರಂಥ ಬರೆದಾಗ, ಅದರ ಒಂದು ದೊಡ್ಡ ಭಾಗವನ್ನು ವಾರಸುದಾರಿಕೆಯ ಪಾಲುಗಳಿಗೆ ಮೀಸಲಿಟ್ಟರು. ಆ ಗ್ರಂಥದಲ್ಲಿ ಇಂದಿನ ಚಿಹ್ನೆಗಳಿಲ್ಲ, ಸಮೀಕರಣಗಳನ್ನೂ ಮಾತಿನಲ್ಲೇ ಬರೆದಿದ್ದಾರೆ. ಲೆಕ್ಕ ಮತ್ತು ಬರಹ ನಮ್ಮ ಪರಂಪರೆಯಲ್ಲಿ ಎಂದೂ ಬೇರೆ ಬೇರೆ ಇರಲಿಲ್ಲ. ಬೇರೆ ಮಾಡಿದ್ದು ನಮ್ಮ ವೇಳಾಪಟ್ಟಿ.

ಕೊನೆಯದಾಗಿ ಎರಡು ವಿನಂತಿ.

ಪಾಲಕರಲ್ಲಿ: ವಿದ್ಯಾರ್ಥಿವೇತನದ ಅರ್ಜಿಯನ್ನು ಝೆರಾಕ್ಸ್ ಅಂಗಡಿಯವರಿಂದ ತುಂಬಿಸಬೇಡಿ. ನಿಮ್ಮ ಮಗ, ಮಗಳು ತುಂಬಲಿ. ಫೀ ಎಷ್ಟು, ಪುಸ್ತಕಕ್ಕೆ ಎಷ್ಟು, ಬಸ್ ಪಾಸಿಗೆ ಎಷ್ಟು, ಎಷ್ಟು ಕಡಿಮೆ ಬೀಳುತ್ತದೆ ಎಂದು ಅವರೇ ಕೂಡಿಸಿ, ಏಕೆ ಎಂದು ಎರಡು ವಾಕ್ಯ ಬರೆಯಲಿ. ಅಕ್ಷರ ಸೊಟ್ಟಗಿದ್ದರೂ ನಡೆಯುತ್ತದೆ. ಕನ್ನಡ ಬಾರದಿದ್ದರೆ ಮೊದಲು ಉರ್ದುವಿನಲ್ಲಿ ಬರೆಯಲಿ, ಕನ್ನಡಕ್ಕೆ ತರಲು ನಾವು ಜೊತೆಗೆ ಕೂರುತ್ತೇವೆ.

ದಾನಿಗಳಲ್ಲಿ: ಆ ಎರಡು ವಾಕ್ಯಗಳನ್ನು ದಯವಿಟ್ಟು ಓದಿ. ಮೊತ್ತದ ಕಾಲಮ್ಮಿನಲ್ಲಿ ಎಲ್ಲ ಅರ್ಜಿಗಳೂ ಒಂದೇ ಥರ ಕಾಣುತ್ತವೆ. ಯಾವ ಮಗುವಿಗೆ ಯಾವುದು ತುರ್ತು ಎಂಬುದು ಕೆಳಗಿನ ವಾಕ್ಯದಲ್ಲಿರುತ್ತದೆ.

ಮಕ್ಕಳೇ, ಇವತ್ತು ನಿಮ್ಮ ಕೈಗೆ ಬರುವ ಈ ವರದಿಯಲ್ಲಿ ಜಮಾ-ಖರ್ಚಿನ ಪುಟವೂ ಇದೆ. ಮನೆಗೆ ಹೋಗಿ ಕೂಡಿಸಿ ನೋಡಿ. ತಪ್ಪು ಸಿಕ್ಕರೆ ಟ್ರಸ್ಟಿಗೆ ಪತ್ರ ಬರೆಯಿರಿ, ಸರಿಯಿದ್ದರೆ ಸರಿಯಿದೆ ಎಂದು ಬರೆಯಿರಿ. ಹಿರಿಯರು ಬೇಸರ ಮಾಡಿಕೊಳ್ಳುವುದಿಲ್ಲ, ನಾವು ಜಾಮೀನು.